ಮೇಲೋಣಿಯ ಗಂಗಾಳ

"ನಿಲ್ಲಸ್ರಿ! ಮೊದಲು ಆ ಮಷೀನು ನಿಲ್ಲಸ್ರಿ!"

ಶಾಂಭವಿಯ ಕೂಗಿಗೆ ಜೆಸಿಬಿ ಗಕ್ಕನೆ ನಿಂತಿತು. ಸೊಂಟದಲ್ಲಿ ಖಾಲಿ ಕೊಡ, ಕೈಯಲ್ಲಿ ಉಣ್ಣುವ ಕಂಚಿನ ಗಂಗಾಳ, ಹಣೆಗಂಟಿದ ಮುಂಗುರುಳು, ಕಣ್ಣಲ್ಲಿ ಕೆಂಡದಂಥ ಸಿಟ್ಟು... ಅವಳು ಗುಂಡಿಯ ಅಂಚಿಗೆ ಬಂದು ನಿಂತದ್ದು ನೋಡಿ ಡ್ರೈವರು ಕೀಲಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡ.

ಅವಳ ಹಿಂದೆ ಇಡೀ ಓಣಿಯೇ ಬಾಗಿಲಿಗೆ ಬಂದಿತ್ತು. ಹೆಂಗಸರ ಕೈಯಲ್ಲೆಲ್ಲ ತಾಟು, ಚಮಚ. ಠಣ್ ಠಣ್ ಠಣ್!

ಹಳದಿ ಹೆಲ್ಮೆಟ್ಟಿನ ಯುವಕನೊಬ್ಬ ಗುಂಡಿಯಿಂದ ಮೇಲೆ ಹತ್ತಿ ಬಂದವನೇ ಕೈ ಮುಗಿದ.

"ಅಕ್ಕಾರ, ನಾನು ಇವತ್ತ ಕೆಲಸಕ್ಕ ಬಂದೀನ್ರಿ. ಧರಣಿ ಏನಿದ್ರೂ ಆಫೀಸ್ ಮುಂದ ಮಾಡ್ರಿ. ನನ್ನ ಮ್ಯಾಲ ಯಾಕ ತಾಟು ಬಾರಸ್ತೀರಿ?"

ಶಾಂಭವಿಗೆ ಅಷ್ಟು ಸಿಟ್ಟಿನಲ್ಲೂ ನಗು ಒತ್ತರಿಸಿ ಬಂತು. ತುಟಿ ಕಚ್ಚಿ ತಡೆದುಕೊಂಡಳು.

"ಧರಣಿ ಅಲ್ರಿ ಯಪ್ಪಾ! ನೀರು ಬಂದಾವು! ನೀರು ಬಂದ್ರ ನಾವು ಹಿಂಗ ಬಾರಸ್ತೀವಿ. ಎಷ್ಟೋ ದಿನಕ್ಕ ಬಂದ ನೀರು... ನೋಡ್ರಿ ಅಲ್ಲಿ, ನಮ್ಮ ಹಳೇ ಪೈಪು ಒಡದು ನಿಮ್ಮ ಗುಂಡಿ ತುಂಬಕತ್ತಾವು!"

ಅವನು ತಿರುಗಿ ನೋಡಿದ. ಮುಖ ಇಳಿದುಹೋಯಿತು. ಮರುಕ್ಷಣ ಬೂಟು, ಪ್ಯಾಂಟು ಯಾವುದನ್ನೂ ನೋಡದೆ ಗುಂಡಿಗೆ ಜಿಗಿದು, ಒಡೆದ ಪೈಪಿನ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಕೊಡ ತರ್ರಿ! ನಾ ಹಿಡದೀನಿ, ಜಲ್ದಿ ತುಂಬ್ರಿ!"

ಮೊದಲ ಕೊಡ ಶಾಂಭವಿಯದೇ. ಅವಳು ಬಗ್ಗಿ ಕೊಡ ಒಡ್ಡಿದಳು, ಅವನು ಪೈಪು ಬಾಗಿಸಿದ. ನೀರು ಇಬ್ಬರ ಮುಖಕ್ಕೂ ಸಿಡಿಯಿತು. ಕಣ್ಣೊರೆಸಿಕೊಳ್ಳಲು ಅವನಿಗೆ ಕೈ ಖಾಲಿ ಇರಲಿಲ್ಲ. ಅವಳಿಗೂ ಇರಲಿಲ್ಲ.

'ಅಯ್ಯ, ಯಾರಪ್ಪಾ ಇವನು...' ಎಂದುಕೊಂಡಳು ಶಾಂಭವಿ.

ಹಿರೇಬಂಡೆ ಎಂಬುದು ಹಂಪಿ ದಾಟಿ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಪುಟ್ಟ ಪಟ್ಟಣ. ಕೆಳಗೆ ಬಜಾರು, ಅಕ್ಕಿ ಗಿರಣಿಗಳು, ಬಸ್‌ಸ್ಟ್ಯಾಂಡು. ಮೇಲೆ, ದೊಡ್ಡ ದೊಡ್ಡ ಬಂಡೆಗುಂಡುಗಳ ನಡುವೆ ಗುಡ್ಡದ ಮೈಗೆ ಅಂಟಿಕೊಂಡಂತೆ ಮೇಲೋಣಿ. ನೀರು ಕೆಳಗಿನವರ ಕೊಡ, ತೊಟ್ಟಿ, ಬೈಕು ತೊಳೆಯುವ ಬಕೆಟ್ಟು ಎಲ್ಲ ತುಂಬಿದ ಮೇಲೆ, ಮನಸ್ಸಿದ್ದರೆ ಮಾತ್ರ ಗುಡ್ಡ ಹತ್ತುತ್ತಿತ್ತು. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ಅದಕ್ಕೇ ಈ ತಾಟಿನ ಪದ್ಧತಿ. ನೀರಿಗಿಂತ ಮೊದಲು ನಳದಲ್ಲಿ 'ಸುಯ್' ಎಂದು ಗಾಳಿ ಬರುತ್ತದಲ್ಲ, ಆ ಸದ್ದು ಕೇಳಿದವರು ತಾಟು ಬಾರಿಸಬೇಕು. ಪಕ್ಕದ ಮನೆಯವರು ಅದನ್ನು ಎತ್ತಿಕೊಂಡು ಬಾರಿಸಬೇಕು. ನೀರು ಬರುವಷ್ಟರಲ್ಲಿ ಎಲ್ಲರ ಕೊಡವೂ ನಳದ ಕೆಳಗಿರಬೇಕು. ಸುಯ್ ಅಂದರೆ ನೀರು ಬಂತು ಎಂದೇ ಲೆಕ್ಕ. ಆ ಹಳೇ ಪೈಪು ಅದರಲ್ಲಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಓಣಿಯ ಕೊನೆಯ, ಎಲ್ಲಕ್ಕಿಂತ ಎತ್ತರದ ಮನೆ ಶಾಂಭವಿಯದು. ಅಪ್ಪ ಇಲ್ಲ. ಅವ್ವ ಚೆನ್ನಬಸಮ್ಮ, ಮಗಳು, ಇಬ್ಬರೇ. ಬಿ.ಕಾಂ. ಮುಗಿಸಿ ಹೊಸಪೇಟೆಯಲ್ಲಿ ಒಳ್ಳೆ ಕೆಲಸಕ್ಕಿದ್ದ ಹುಡುಗಿ ಅವಳು. ಒಂದು ದಿನ ಅವಳು ಬಸ್ಸಿನಲ್ಲಿದ್ದಾಗ ನೀರು ಬಂತು. ಕೊಡ ಎತ್ತಲು ಹೋದ ಅವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಲ್ಲಿಗೆ ಕೆಲಸ ಮುಗಿಯಿತು. ಈಗ ಮನೆಯಲ್ಲೇ ಹೊಲಿಗೆ ಮಷೀನಿನ ಮುಂದೆ ಕೂತು ಒಂದು ಕಿವಿಯನ್ನು ನಳಕ್ಕೆ ಕೊಟ್ಟಿರುವುದೇ ಅವಳ ಬದುಕು.

ಈಗ ಊರಿಗೆ ಹೊಸ ನೀರಿನ ಯೋಜನೆ ಬಂದಿತ್ತು. ಎದುರು ಗುಡ್ಡದ ಮೇಲೆ ದೊಡ್ಡ ಟ್ಯಾಂಕು, ಊರಿಗೆಲ್ಲ ಹೊಸ ಪೈಪು, ಮನೆಮನೆಗೂ ನಳ. ಅದರ ಎಂಜಿನಿಯರ್ ಆಗಿ ಬಂದವನೇ ಈ ಹಾಲೇಶ್, ಮಲಪನಗುಡಿಯವನು.

ಗುಂಡಿ ಅಗೆದ ನೆಪದಲ್ಲಿ ಹಾಲೇಶ್ ಆ ಮನೆಯ ಜಗಲಿಗೆ ಬರತೊಡಗಿದ. ಮೊದಲ ದಿನವೇ ಚೆನ್ನಬಸಮ್ಮ ಗೋಡೆ ಹಿಡಿದು ನಡೆದು ಬಂದು, ಅವನ ಮುಂದೆ ಒಂದು ಚೊಂಬು ನೀರು ಇಟ್ಟಳು.

"ಬ್ಯಾಡ್ರಿ ಅವ್ವಾರ, ನನ್ನ ಬಾಟ್ಲಿ ಐತಿ."

"ಮನಿಗೆ ಬಂದವರು ನೀರು ಒಲ್ಲೆ ಅಂದ್ರ ನಮಗ ಒಳ್ಳೇದಲ್ಲ ತಮ್ಮಾ. ಕುಡಿ."

ಆ ನೀರು ಎಷ್ಟು ಕಷ್ಟದಿಂದ ಬಂದದ್ದೆಂದು ಅವನಿಗೆ ಗೊತ್ತಿತ್ತು. ಒಂದೇ ಒಂದು ಗುಟುಕು ಕುಡಿದು ಚೊಂಬನ್ನು ಹಾಗೇ ವಾಪಸು ಕೊಟ್ಟ. ಮರುದಿನದಿಂದ ಬೈಕಿನ ಹಿಂದೆ ಒಂದು ಕ್ಯಾನು ನೀರು ಕಟ್ಟಿಕೊಂಡೇ ಬಂದ. ಕುಡಿಯುವುದು ಒಂದು ಗುಟುಕು, ಬಿಟ್ಟು ಹೋಗುವುದು ಒಂದು ಕ್ಯಾನು!

ಶಾಂಭವಿ ಅದನ್ನು ನೋಡಿಯೂ ನೋಡದಂತಿದ್ದಳು. ಆದರೆ ಬ್ಲೌಸಿನ ತೋಳು ಎಡಕ್ಕೆ ಹಚ್ಚಬೇಕಾದದ್ದು ಬಲಕ್ಕೆ ಹೋಗುತ್ತಿತ್ತು.

"ನೋಡಾಕ ಬಂದವರನ್ನೆಲ್ಲ ವಾಪಸ್ ಕಳಿಸ್ತೀರಂತ? ಹೊಳೆಮ್ಮಜ್ಜಿ ಹೇಳಿದ್ರು..." ಒಂದು ಮಧ್ಯಾಹ್ನ ಅವನು ಕೇಳಿಯೇಬಿಟ್ಟ. ಹೊಳೆಮ್ಮ ಅಂದರೆ ಪಕ್ಕದ ಮನೆಯ ಅಜ್ಜಿ. ಅವಳಿಗೆ ಗೊತ್ತಾದದ್ದು ಇಡೀ ಓಣಿಗೆ ಗೊತ್ತಾದಂತೆ.

ಶಾಂಭವಿ ಮಷೀನಿನಿಂದ ತಲೆ ಎತ್ತಲಿಲ್ಲ.

"ನಾ ಹೋದ್ರ ಅವ್ವಗ ನೀರು ಯಾರು ತರ್ತಾರ್ರಿ? ನಮ್ಮ ಮನಿಯಾಗ ನೀರು ಬರೋತನಕ ನನಗ ಮದುವಿ ಗಿದುವಿ ಏನಿಲ್ಲ."

ಅವನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ಆಚೆ ಈಚೆ ತಿರುಗಿಸಿದ.

"ನಿಮ್ಮ ನಳದಾಗ ನೀರು ಬಂದ ದಿನ ನಾ ನಿಮಗ ಒಂದು ಮಾತು ಕೇಳಬೇಕು."

"ಈಗ ಕೇಳ್ರಿ."

"ಈಗ ಕೇಳಿದ್ರ ನೀವು ನೀರಿನ ನೆಪ ಮಾಡಿ ಇಲ್ಲ ಅಂತೀರಿ. ಆ ನೆಪ ಮೊದಲು ತಗೀತೀನಿ."

ಅವನು ಹೋದ ಮೇಲೆ ಶಾಂಭವಿ ಇನ್ನೂ ನೀರು ಕಾಣದ ಹೊಸ ನಳದ ಮುಂದೆ ಸುಮ್ಮನೆ ನಿಂತಳು. ಬೆರಳಿಂದ ಅದನ್ನು ಮುಟ್ಟಿ ನೋಡಿದಳು. 'ಏನು ಕೇಳ್ತಾರೆ...? ಗೊತ್ತಿಲ್ಲವಾ ನಿನಗೆ, ಹುಚ್ಚಿ!'

ಕೊನೆಗೂ ಹೊಸ ಪೈಪಿನ ಪರೀಕ್ಷೆಯ ದಿನ ಬಂತು.

ಗುಂಡುಗಳ ಮರೆಗೆ ಮೇಲೋಣಿಯಲ್ಲಿ ಮೊಬೈಲು ಸಿಗ್ನಲ್ಲೇ ಇಲ್ಲ. ಮೇಲಿನ ಸುದ್ದಿ ಕೆಳಗೆ ತಿಳಿಯಬೇಕಲ್ಲ? ಒಬ್ಬ ಆಳನ್ನು ಮೇಲೆ ನಿಲ್ಲಿಸಬಹುದಿತ್ತು. ಆದರೆ ಪ್ರೀತಿಯಲ್ಲಿ ಬಿದ್ದವನ ತಲೆ ಬೇರೆಯೇ ಓಡುತ್ತದೆ!

"ನೀರು ಬಂದ ಕೂಡಲೇ ನಿಮ್ಮ ಗಂಗಾಳ ಬಾರಸ್ರಿ," ಎಂದ ಹಾಲೇಶ್. "ಕೆಳಗ ನೀರು ಬಿಡೋ ದೊಡ್ಡ ವಾಲ್ವ್ ಹತ್ರ ನಾನೇ ಇರ್ತೀನಿ. ಅಲ್ಲೀತನಕ ಸಣ್ಣಗ ಬಿಟ್ಟಿರ್ತೀನಿ. ನಿಮ್ಮ ಗಂಗಾಳ ಕೇಳಿದ ಮ್ಯಾಲ ಪೂರ್ತಿ ತೆಗೀತೀನಿ."

"ಅಷ್ಟು ದೂರ ಕೇಳ್ತೈತೇನ್ರಿ?"

"ನಿಮ್ಮದು ಕೇಳ್ತೈತಿ."

ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಹಸಿರು ಸೀರೆಯುಟ್ಟು, ನಳಕ್ಕೆ ಅರಿಶಿನ ಕುಂಕುಮ ಹಚ್ಚಿ ಶಾಂಭವಿ ಕಾದು ಕೂತಳು. ಬಿಸಿಲೇರಿತು. ಹೊಳೆಮ್ಮಜ್ಜಿ ಬಂದು ನೋಡಿ ಹೋದಳು. ಚೆನ್ನಬಸಮ್ಮ ಒಳಗಿನಿಂದ, "ಬಂತೇನವ್ವಾ?" ಎಂದು ಕೇಳಿ ಕೇಳಿ ಸುಸ್ತಾದಳು.

ಆಗ ಕೇಳಿಸಿತು.

ಸುಯ್...

ಶಾಂಭವಿ ಎದ್ದು ನಿಂತಳು. ಹೊಸ ನಳ ಉಸಿರು ಬಿಡುತ್ತಿತ್ತು. ಸುಯ್... ಸುಯ್... ಚಿಕ್ಕಂದಿನಿಂದ ಕೇಳಿದ ಸದ್ದು! ಅದನ್ನು ಕೇಳಿದ ಕೂಡಲೇ ಅವಳ ಕೈ ಅವಳ ಮಾತು ಕೇಳಲಿಲ್ಲ. ನೀರು! ಅವರ ಮಾತು! ಇವತ್ತೇ ಕೇಳ್ತಾರೆ...!

ಠಣ್! ಠಣ್! ಠಣ್! ಠಣ್!

ಪಕ್ಕದ ಮನೆ ಎತ್ತಿಕೊಂಡಿತು. ಅದರಾಚೆಯ ಮನೆ ಎತ್ತಿಕೊಂಡಿತು. ಇಡೀ ಮೇಲೋಣಿಯೇ ಬಾರಿಸಿತು. ಕೆಳಗೆ ಹಾಲೇಶ್ ಆ ಸದ್ದು ಕೇಳಿ, ನಗುತ್ತಾ ವಾಲ್ವ್ ಪೂರ್ತಿ ತಿರುಗಿಸಿದ.

ನಳದಲ್ಲಿ ಬರುತ್ತಿದ್ದದ್ದು ಬರೀ ಗಾಳಿ. ಹೊಸ ಪೈಪು, ಉದ್ದದ ಪೈಪು. ಅದರೊಳಗಿನ ಗಾಳಿಯೆಲ್ಲ ಹೋಗಲು ಇನ್ನೂ ಎಷ್ಟೋ ಹೊತ್ತು ಬೇಕಿತ್ತು. ಪಾಪ, ಅವಳಿಗೇನು ಗೊತ್ತು? ಸುಯ್ ನಿಂತಿತು. ಒಂದು ಹನಿ ನೀರೂ ಬರಲಿಲ್ಲ.

ಬದಲಿಗೆ ಕೆಳಗೆ ಬಜಾರಿನ ಕಡೆಯಿಂದ ಢಂ ಎಂದು ಸದ್ದು ಕೇಳಿತು. ಆಮೇಲೆ ಜನರ ಕೂಗು.

ಶಾಂಭವಿ ಗಂಗಾಳ ಕೈಯಲ್ಲಿ ಹಿಡಿದುಕೊಂಡೇ ಗುಡ್ಡ ಇಳಿದು ಓಡಿದಳು.

ಬಜಾರಿನ ತಿರುವಿನಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡಕ್ಕೆ ಪೈಪಿನ ಜೋಡಣೆ ಕಿತ್ತುಹೋಗಿತ್ತು. ನೀರು ಆಳೆತ್ತರ ಚಿಮ್ಮಿ, ಮೈಲಾರಲಿಂಗಪ್ಪನ ಅಕ್ಕಿ ಗಿರಣಿಯ ಗೋದಾಮಿಗೆ ನುಗ್ಗಿತ್ತು. ಚೀಲಗಳೆಲ್ಲ ತೊಯ್ದು ತೊಪ್ಪೆ. ಜನ ಹಾಲೇಶನನ್ನು ಸುತ್ತುವರಿದಿದ್ದರು.

"ಯಾವನಲೇ ನಿನಗ ಎಂಜಿನಿಯರ್ ಅಂತ ಸರ್ಟಿಫಿಕೇಟ್ ಕೊಟ್ಟಾಂವ?" ಗಿರಣಿಯ ಯಜಮಾನ ಕೂಗುತ್ತಿದ್ದ.

"ತಪ್ಪು ನಂದೇ ರಿ. ನನ್ನ ಕೆಲಸದಾಗ ತಪ್ಪಾಗೈತಿ," ಎಂದಷ್ಟೇ ಹೇಳುತ್ತಿದ್ದ ಹಾಲೇಶ್. ತಲೆಯಿಂದ ನೀರು ಇಳಿಯುತ್ತಿತ್ತು.

ಶಾಂಭವಿ ಗುಂಪು ಸೀಳಿಕೊಂಡು ಮುಂದೆ ಬಂದಳು. ಅವನು ಅವಳನ್ನು ನೋಡಿದ. ಅವಳ ಕೈಯಲ್ಲಿದ್ದ ಗಂಗಾಳವನ್ನೂ ನೋಡಿದ. ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

ಅವಳು ಅಲ್ಲೇ ನಿಂತಳು. 'ಗೊತ್ತಾಗಿದೆ... ನಾನು ಸುಳ್ಳು ಬಾರಿಸಿದೆ ಅಂತ ಅವರಿಗೆ ಗೊತ್ತಾಗಿದೆ. ನನ್ನ ಮುಖ ನೋಡಲೂ ಅಸಹ್ಯ ಅವರಿಗೆ!' ತಪ್ಪು ತನ್ನದೆಂದು ಹೇಳಲು ಹೊರಟಳು. ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿ ಮುಂದೆ ನುಗ್ಗಿದರು.

ಹಾಲೇಶನನ್ನು ಆ ಕೆಲಸದಿಂದ ತೆಗೆದು ಕುರೆಕುಪ್ಪದ ಇನ್ನೊಂದು ಕೆಲಸಕ್ಕೆ ಹಾಕಿದರು. ಅವನು ಹೇಳದೆ ಕೇಳದೆ ಹೋದ. ಶಾಂಭವಿ ಗುಡ್ಡ ಇಳಿದು ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ತಡೆಯಲಾರದೆ ಒಂದು ದಿನ ನೀರಿನ ಯೋಜನೆಯ ದೊಡ್ಡ ಸಾಹೇಬರ ಮುಂದೆ ಹೋಗಿ ನಿಂತಳು.

"ಸರ್, ಅವತ್ತು ಪೈಪ್ ಒಡೆದಿದ್ದು ಹಾಲೇಶ್ ಅವರಿಂದ ಅಲ್ರಿ. ನನ್ನಿಂದ. ನೀರು ಬರೋಕ ಮುಂಚೇನೇ ನಾ ಗಂಗಾಳ ಬಾರಿಸಿಬಿಟ್ಟೆ."

ಸಾಹೇಬರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಕೆಟ್ಟ ಮನುಷ್ಯರೇನಲ್ಲ. ಆದರೆ ಅವರಿಗೆ ಏನೂ ಅರ್ಥವಾಗಲಿಲ್ಲ.

"ಏನು ಬಾರಿಸಿದ್ರಿ?"

"ಗಂಗಾಳ್ರಿ... ಉಣ್ಣೋ ಗಂಗಾಳ."

"ಏನಮ್ಮಾ, ತಾಟು ಬಾರಿಸಿದ್ರೆ ಪೈಪ್ ಒಡೆಯುತ್ತೇನು? ಬಿಸಿಲು ಭಾಳ ಐತಿ, ಮನೆಗೆ ಹೋಗಿ ಮಜ್ಜಿಗೆ ಕುಡೀರಿ."

ಅಲ್ಲಿದ್ದವರೆಲ್ಲ ನಕ್ಕರು. ತಪ್ಪು ಒಪ್ಪಿಕೊಳ್ಳಲು ಹೋದರೂ ಕೇಳುವವರಿಲ್ಲ! ಶಾಂಭವಿ ಬಂದ ದಾರಿಯಲ್ಲೇ ತಿರುಗಿದಳು. ಬಸ್‌ಸ್ಟ್ಯಾಂಡಿನ ಹೊಸ ನಳದಲ್ಲಿ ಯಾರೋ ಹೆಂಗಸು ಅವಸರವಿಲ್ಲದೆ ಕೊಡ ತೊಳೆಯುತ್ತಿದ್ದಳು. ಶಾಂಭವಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಳು.

ಹೌದು, ಕೆಳಗಿನ ಊರಿಗೆ ದಿನವೂ ನೀರು ಬರತೊಡಗಿತ್ತು. ಮೇಲೋಣಿಗೆ ಮಾತ್ರ ಇಲ್ಲ. 'ಆ ಒತ್ತಡಕ್ಕೆ ಪೈಪು ಮತ್ತೆ ಒಡೆದೀತು, ಅಷ್ಟು ಎತ್ತರಕ್ಕೆ ಬೇರೆ ಪಂಪು ಬೇಕು, ಅದು ಮುಂದಿನ ಹಂತದಲ್ಲಿ' ಎಂದರು. ಮುಂದಿನ ಹಂತ ಯಾವಾಗ? ಯಾರಿಗೂ ಗೊತ್ತಿಲ್ಲ. ಹಳೇ ಪೈಪನ್ನೂ ಕಿತ್ತು ಹಾಕಿದ್ದರು. ಈಗ ಟ್ಯಾಂಕರ್ ಬಂದಾಗ ಕೊಡ ಹೊತ್ತು ಓಡಬೇಕು. ಅವಳ ಬಾಗಿಲಲ್ಲಿ ನಿಂತರೆ ಎದುರು ಗುಡ್ಡದ ಮೇಲೆ ತುಂಬಿದ ಟ್ಯಾಂಕು ಕಾಣುತ್ತಿತ್ತು. ಕೆಲವು ದಿನ ಅದು ತುಂಬಿ ಚೆಲ್ಲುವುದೂ ಕಾಣುತ್ತಿತ್ತು.

ಅವಳು ಗಂಗಾಳವನ್ನು ಅಟ್ಟದ ಮೇಲೆ ಎಸೆದಳು. ಹೊಲಿಯುತ್ತ ಹೊಲಿಯುತ್ತ ಕಣ್ಣು ತುಂಬಿ ಸೂಜಿ ಕಾಣದಾಗುತ್ತಿತ್ತು. ಚೆನ್ನಬಸಮ್ಮ ಹಾಸಿಗೆಯಲ್ಲಿ ಮಲಗಿಯೇ ಎಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ಹೊಳೆಮ್ಮನಿಗೆ ಹೇಳಿ ಆ ಗಂಗಾಳ ಕೆಳಗಿಳಿಸಿ, ತಿಕ್ಕಿಸಿ, ತನ್ನ ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಳು.

ಬೇಸಿಗೆ ಶುರುವಾದ ಒಂದು ಮಧ್ಯಾಹ್ನ ಮನೆಯ ಮುಂದೆ ಬೈಕು ನಿಂತ ಸದ್ದಾಯಿತು.

ಶಾಂಭವಿ ಹೊರಗೆ ಬಂದಳು. ಹಾಲೇಶ್! ಬಿಸಿಲಿಗೆ ಕಪ್ಪಾಗಿದ್ದ, ಇಳಿದುಹೋಗಿದ್ದ. ಕೈಯಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ. ಬೈಕಿನ ಹಿಂದೆ, ಹಗ್ಗದಲ್ಲಿ ಕಟ್ಟಿದ ಒಂದು ಕ್ಯಾನು ನೀರು.

ಅವನು ತಲೆ ತಗ್ಗಿಸಿಯೇ ಮಾತಾಡಿದ.

"ಪಂಪು ಬರೋತನಕ ನಿಮ್ಮ ಅಂಗಳದಾಗಿನ ಓಣಿ ವಾಲ್ವ್ ಮುಚ್ಚಿ ಬೀಗ ಹಾಕಬೇಕಂತ. ಅದು ಎಲ್ಲಿ ಹೂತೈತಿ ಅಂತ ಹೊಸಬರಿಗೆ ಗೊತ್ತಿಲ್ಲ. ಅದಕ್ಕ ನನ್ನ ಕಳಿಸ್ಯಾರ. ಬರಂಗಿಲ್ಲ ಅಂದೆ. ಬಿಡಲಿಲ್ಲ... ಶಾಂಭವಿಯವರ, ನನ್ನ ಮುಖ ನಿಮಗ ಹ್ಯಾಂಗ ತೋರಸ್ಲಿ ಅಂತ ಫೋನೂ ಎತ್ತಲಿಲ್ಲ. ನೀರು ಕೊಡ್ತೀನಿ ಅಂತ ಹೇಳಿ..."

"ಸರ್, ಅವತ್ತ ನೀರು ಬಂದಿರಲಿಲ್ಲ!"

ಅವನು ತಲೆ ಎತ್ತಿದ.

"ಬರೀ ಗಾಳಿ ಬಂದಿತ್ರಿ. ಸುಯ್ ಅಂತು... ನಾ ಬಾರಿಸಿಬಿಟ್ಟೆ. ನಿಮಗ ಗೊತ್ತಿತ್ತಲ್ಲ? ಅದಕ್ಕ ಅಲ್ಲೇನು ನೀವು ಮುಖ ತಿರುವಿದ್ದು?"

"ನನಗ ಹ್ಯಾಂಗ ಗೊತ್ತಾಗಬೇಕು?" ಅವನು ಕೀ ಕೆಳಗಿಟ್ಟ. "ನಾ ಮುಖ ತಿರುವಿದ್ದು ನಾಚಿಕಿಗೆ. ನೀವು ನೀರು ಬಂತು ಅಂತ ಖುಷಿಯಿಂದ ಗಂಗಾಳ ಹಿಡಕೊಂಡು ಓಡಿ ಬಂದೀರಿ, ನನ್ನ ಜೋಡಣಿ ಕಿತ್ತು ನಿಮ್ಮ ಮನಿಗೆ ಬಂದ ನೀರು ನಾನೇ ಕಸಗೊಂಡೆ ಅಂತ..."

ಅವನು ಅಲ್ಲೇ ಜಗಲಿಯ ಅಂಚಿಗೆ ಕುಸಿದು ಕೂತ. ಇಷ್ಟು ದಿನ, ಉಣ್ಣುವಾಗ, ಮಲಗುವಾಗ, ಕುರೆಕುಪ್ಪದ ಧೂಳಲ್ಲಿ ನಿಂತಾಗ, ಎಲ್ಲಿ ತಪ್ಪಿದೆ ಎಂದು ಅದೊಂದನ್ನೇ ಯೋಚಿಸಿ ಸವೆದುಹೋಗಿದ್ದ ಅವನು.

"ಬೈರಿ ನನಗ," ಶಾಂಭವಿ ಅಳತೊಡಗಿದಳು. "ಸುಮ್ಮನಿರಬ್ಯಾಡ್ರಿ... ಬೈರಿ! ನಿಮ್ಮ ಕೆಲಸ ಹೋತು, ಮಾನ ಹೋತು, ಈ ಓಣಿ ನೀರು ಹೋತು, ಎಲ್ಲಾ ನನ್ನ ಕೈಯಿಂದ..."

"ಹೊಸಾ ಪೈಪಿನಾಗ ಮೊದಲು ಗಾಳೀನೇ ಬರ್ತೈತಿ. ಭಾಳ ಹೊತ್ತು ಬರ್ತೈತಿ. ಅದನ್ನ ನಾ ನಿಮಗ ಹೇಳಬೇಕಿತ್ತು." ಅವನು ಕಣ್ಣೊರೆಸಿಕೊಂಡ. "ಹೇಳಲಿಲ್ಲ. ನನ್ನ ತಲಿಯಾಗ ಅವತ್ತ ಬ್ಯಾರೆ ಮಾತು ಇತ್ತು. ಆದ್ರೂ... ನಾ ನೀರು ಅಂದಿದ್ದೆ. ಅಷ್ಟ್ಯಾಕ ಅವಸರ ಮಾಡಿದ್ರಿ ಶಾಂಭವಿ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇನ್ನು ಮುಚ್ಚಿಡಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

"ಆ ಮಾತು ಕೇಳಬೇಕಿತ್ತಲ್ರಿ... ನೀವು ಕೇಳ್ತೀನಿ ಅಂದಿದ್ದು..."

ಹಾಲೇಶ್ ಅವಳನ್ನೇ ನೋಡಿದ. ಆಮೇಲೆ ಎದ್ದ. ಅಂಗಳದ ಮೂಲೆಯ ಕಲ್ಲು ಸರಿಸಿದ. ಕೀ ಇಳಿಸಿ, ಒಂದೊಂದೇ ಸುತ್ತು ತಿರುಗಿಸಿ ಅವಳ ಓಣಿಯ ವಾಲ್ವನ್ನು ಮುಚ್ಚಿದ. ಅವಳು ನೋಡುತ್ತ ನಿಂತಳು. ಅವನು ಬೇಡ ಎನ್ನುವಂತಿರಲಿಲ್ಲ. ಅವಳೂ ಬೇಡ ಎನ್ನುವಂತಿರಲಿಲ್ಲ.

ಬೀಗ ಹಾಕಿ, ಮಣ್ಣಾದ ಕೈ ಪ್ಯಾಂಟಿಗೆ ಒರೆಸಿಕೊಂಡು ಅವಳ ಮುಂದೆ ಬಂದು ನಿಂತ.

"ನೀರಿಲ್ಲ. ಪಂಪು ಯಾವಾಗ ಬರ್ತೈತೋ ದೇವರಿಗೆ ಗೊತ್ತು. ನನ್ನ ಕೈಯಾಗ ಏನೂ ಇಲ್ಲ ಶಾಂಭವಿ. ನಿನ್ನ ಈ ಓಣಿಯಿಂದ ಕರಕೊಂಡು ಹೋಗ್ತೀನಿ ಅನ್ನಾಕ ನನಗ ಬಾಯಿಲ್ಲ." ಅವನು ಒಂದು ಸಲ ಉಸಿರೆಳೆದುಕೊಂಡ. "ಅದಕ್ಕ... ನಾನೇ ಬರ್ಲಾ?"

"ಅಂದ್ರ...?"

"ಮಲಪನಗುಡ್ಯಾಗ ನಮ್ಮ ಅವ್ವನ ಹತ್ರ ಅಣ್ಣ ಇದ್ದಾನ. ಇಲ್ಲಿ ನಿಮ್ಮ ಅವ್ವನ ಹತ್ರ ನಾವಿಬ್ಬರೂ ಇರೋಣು. ದಿನಾ ಇಲ್ಲಿಂದ್ಲೇ ಬೈಕಿನ್ಯಾಗ ಕೆಲಸಕ್ಕ ಹೋಗ್ತೀನಿ. ಟ್ಯಾಂಕರ್ ಬಂದಾಗ ಕೊಡ ಹೊರ್ತೀನಿ. ಇದನ್ನ ಅವತ್ತೇ ಕೇಳಬೇಕಿತ್ತು. ನೀರು ಬರ್ಲಿ ಅಂತ ಕಾದದ್ದೇ ತಪ್ಪಾತು."

ಶಾಂಭವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೊಡ ಹೊರಾಕ ಬರ್ತೈತೇನ್ರಿ ನಿಮಗ?"

"ಬರಂಗಿಲ್ಲ. ಕಲೀತೀನಿ."

ಅವಳು ತಲೆಯಾಡಿಸಿದಳು. ಹೂಂ ಎಂದು. ಇನ್ನೊಮ್ಮೆ, ಹೂಂ ಎಂದು.

ಠಣ್! ಠಣ್! ಠಣ್! ಠಣ್!

ಇಬ್ಬರೂ ಬೆಚ್ಚಿ ತಿರುಗಿದರು. ಒಳಗೆ, ಹಾಸಿಗೆಯ ಮೇಲೆ ಎದ್ದು ಕೂತ ಚೆನ್ನಬಸಮ್ಮ ಗಂಗಾಳ ಬಾರಿಸುತ್ತಿದ್ದಳು!

ಪಕ್ಕದ ಮನೆ ಎತ್ತಿಕೊಂಡಿತು. ಅದರಾಚೆಯ ಮನೆ ಎತ್ತಿಕೊಂಡಿತು. ಕ್ಷಣದಲ್ಲಿ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬಂದರು. ಹೊಳೆಮ್ಮಜ್ಜಿ ನಳ ತಿರುಗಿಸಿ ನೋಡಿ ಕೂಗಿದಳು, "ಎಲ್ಲೈತೇ ಚೆನ್ನಬಸವ್ವ ನೀರು? ನಳ ಒಣಗಿ ನಿಂತೈತಿ!"

"ನೀರಲ್ಲ ಬೇ! ಅಳಿಯ ಬಂದಾನ!"

ಎಲ್ಲರೂ ಹಾಲೇಶನ ಕಡೆ ತಿರುಗಿದರು. ಆಮೇಲೆ ಓಣಿ ತುಂಬ ನಗು, ಗದ್ದಲ. ಖಾಲಿ ಕೊಡಗಳನ್ನೇ ಬಡಿದರು. ಶಾಂಭವಿ ಕಂಬದ ಮರೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಗದ್ದಲ ಕರಗಿತು. ಶಾಂಭವಿ ಒಳಗೆ ಹೋಗಿ, ಮನೆಯಲ್ಲಿ ಉಳಿದಿದ್ದ ನೀರಿನಲ್ಲೇ ಒಂದು ಚೊಂಬು ತುಂಬಿಕೊಂಡು ಬಂದು ಅವನ ಮುಂದೆ ಹಿಡಿದಳು.

ಹಾಲೇಶ್ ಈ ಸಲ ಒಂದು ಗುಟುಕಿಗೆ ನಿಲ್ಲಿಸಲಿಲ್ಲ. ಕೊನೆಯ ಹನಿಯ ತನಕ ಕುಡಿದು ಖಾಲಿ ಚೊಂಬನ್ನು ಅವಳ ಕೈಗಿಟ್ಟ.

"ಅಯ್ಯ... ಪೂರ್ತಿ ಕುಡದ್ರಿ?"

"ಇನ್ ಮ್ಯಾಲ ತರಾಕ ನಾ ಇದ್ದೀನಲ್ಲ."